ಬಣ್ಣದ ಮೀನು: ಸಾಕುವ ಕ್ರಮ, ಬೆಲೆ ಕಟ್ಟುವ ಬಗೆ



ಚಿಂಚಲಿ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು, ಸುಳಿ, ನಡಿಗೆ ನೋಡದೆ ನೀವು ಹಣ ಎಣಿಸುವುದಿಲ್ಲ. ಆದರೆ ಮಕ್ಕಳ ಹಟಕ್ಕೆ ಮೀನು ತರುವಾಗ ಬಣ್ಣವೊಂದನ್ನೇ ನೋಡುತ್ತೀರಿ. ವಾರದೊಳಗೆ ಮೀನು ಸತ್ತರೆ ‘ನಮ್ಮ ನೀರು ಒಗ್ಗಲಿಲ್ಲ’ ಎನ್ನುತ್ತೀರಿ. ಮೀನಿಗೂ ತಳಿಯುಂಟು, ಪರೀಕ್ಷೆಯುಂಟು.

ಯಾವ ಮೀನು?

ಅಥಣಿ, ರಾಯಬಾಗ, ಕಾಗವಾಡ, ಚಿಕ್ಕೋಡಿ ತಾಲ್ಲೂಕುಗಳ ಕಪ್ಪು ನೆಲದಲ್ಲಿ ಹಲವು ಬಾವಿಗಳ ನೀರು ಗಡಸು, ಕೆಲವೆಡೆ ಸವಳು. ಗಡಸು ನೀರು ಮರಿ ಹಾಕುವ ಜಾತಿಯ ಗಪ್ಪಿ, ಮೋಲಿ, ಪ್ಲಾಟಿ ಮೀನುಗಳಿಗೆ ಒಗ್ಗುತ್ತದೆ. ಮೋಲಿಯಂತೂ ಉಪ್ಪಿನಂಶವನ್ನೂ ತಾಳುತ್ತದೆ. ಮೆದುನೀರು ಬೇಡುವ ಟೆಟ್ರಾ ಮೀನಿನಿಂದ ಆರಂಭಿಸಬೇಡಿ.

ಸಾಕುವ ಕ್ರಮ

60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ಗಾಜಿನ ತೊಟ್ಟಿ ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ಒಂದು ಗಂಡಿಗೆ ಎರಡು ಮೂರು ಹೆಣ್ಣು ಬಿಡಿ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ಗಪ್ಪಿ ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ. ತಾಯಿಯೇ ಮರಿಗಳನ್ನು ತಿನ್ನುವುದುಂಟು. ಅಡಗಲು ದಟ್ಟವಾಗಿ ನೀರಗಿಡ ಹಾಕಿರಿ.

ಗಂಡಿನ ಹೊಟ್ಟೆಯಡಿಯ ಹಿಂದಿನ ಈಜುರೆಕ್ಕೆ ಕಡ್ಡಿಯಂತೆ ಚೂಪಾಗತೊಡಗಿದ ಕೂಡಲೇ ಗಂಡು ಹೆಣ್ಣುಗಳನ್ನು ಬೇರ್ಪಡಿಸಿ. ಒಮ್ಮೆ ಕೂಡಿದ ಹೆಣ್ಣು ಬೀಜವನ್ನು ಒಡಲಲ್ಲಿ ಉಳಿಸಿಕೊಂಡು ಹಲವು ಸಲ ಮರಿ ಹಾಕಬಲ್ಲದು. ತಡಮಾಡಿದರೆ ತಳಿ ಕೆಟ್ಟಿತು.

ನಿಪ್ಪಾಣಿ ಭಾಗದವರಿಗೆ ಒಂದು ಎಚ್ಚರಿಕೆ: ತಂಬಾಕಿನ ನಿಕೋಟಿನ್ ಮೀನಿಗೆ ವಿಷ. ತಂಬಾಕು ಮುಟ್ಟಿದ ಕೈ, ದ್ರಾಕ್ಷಿಗೆ ಔಷಧ ಹೊಡೆದ ಕೈಗಳನ್ನು ಸಾಬೂನಿನಿಂದ ತೊಳೆದು, ಸಾಬೂನೂ ಉಳಿಯದಂತೆ ಮತ್ತೆ ತೊಳೆದ ಮೇಲೆಯೇ ತೊಟ್ಟಿಗೆ ಹಾಕಿ. ಔಷಧ ಕಲಸಿದ ಬಕೆಟ್ ಇಲ್ಲಿಗೆ ಬೇಡ.

ಬೆಲೆ ಕಟ್ಟುವುದು

1. ಬೆನ್ನು ನೇರವಾಗಿರಬೇಕು, ಹೊಟ್ಟೆ ಒಳಕ್ಕೆ ಸೇದಿರಬಾರದು.
2. ರೆಕ್ಕೆ ಬಿಚ್ಚಿ ಈಜಬೇಕು. ಮುದುಡಿದ ರೆಕ್ಕೆ ಕಾಯಿಲೆಯ ಗುರುತು.
3. ಮೇವು ಹಾಕಿದೊಡನೆ ಮುನ್ನುಗ್ಗಬೇಕು.
4. ಒಡಹುಟ್ಟಿದ ಮರಿಗಳನ್ನು ನೋಡಿ. ಒಂದೇ ಸೂಲಿನ ಮೂವತ್ತರಲ್ಲಿ ಇಪ್ಪತ್ತೈದು ತಂದೆತಾಯಿಯನ್ನು ಹೋತರೆ ಅದು ಬೆಲೆಯ ತಳಿ. ಐದೇ ಹೋತರೆ, ಆ ಜೋಡಿ ಎಷ್ಟೇ ಚೆಲುವಾಗಿರಲಿ, ಹೆಚ್ಚು ಹಣ ಕೊಡಬೇಡಿ.

ಮುಳ್ಳು ಕಾಣುವಷ್ಟು ತಿಳಿಯಾದ ಗಾಜುಮೀನಿಗೆ ಸೂಜಿಯಿಂದ ಬಣ್ಣ ಚುಚ್ಚಿ ಮಾರುವವರಿದ್ದಾರೆ. ಆ ಬಣ್ಣ ಕೆಲವು ತಿಂಗಳಲ್ಲಿ ಮಾಸುತ್ತದೆ, ಮರಿಗೂ ಬರುವುದಿಲ್ಲ. ಅದನ್ನು ಕೊಳ್ಳಬೇಡಿ.

ಹೊಳೆಗೆ ಬಿಡಬೇಡಿ

ಆಯ್ಕೆಯಲ್ಲಿ ಉಳಿದ ಮೀನುಗಳನ್ನು ‘ಪಾಪ, ಬದುಕಲಿ’ ಎಂದು ಕೃಷ್ಣೆಗೋ ದೂಧಗಂಗೆಗೋ ಬಿಡುವುದು ಪುಣ್ಯದ ಕೆಲಸವಲ್ಲ. ತೊಟ್ಟಿಯ ಪಾಚಿ ತಿನ್ನಲೆಂದು ತಂದ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಆಂಧ್ರಪ್ರದೇಶದ ಕೆರೆ ಕಾಲುವೆಗಳನ್ನು ಸೇರಿ ಹೆಚ್ಚಿಕೊಂಡಿದೆ. ಅದರ ಮುಳ್ಳಿಗೆ ಬೆಸ್ತರ ಬಲೆ ಹರಿಯುತ್ತಿದೆ. ಒಮ್ಮೆ ಹೊಳೆ ಸೇರಿದ ಮೀನನ್ನು ಮರಳಿ ಹಿಡಿಯಲಾಗದು. ಉಳಿದವನ್ನು ಬೇರೆ ತೊಟ್ಟಿಯಲ್ಲಿ ಸಾಕಿ, ಇಲ್ಲವೆ ಸಾಕುವ ನೆರೆಯವರಿಗೆ ಕೊಡಿ.

ಮೊದಲು ಒಂದು ತೊಟ್ಟಿ, ಒಂದು ತಳಿ, ಒಂದು ನೋಟುಪುಸ್ತಕ ಸಾಕು. ಸೂಲಿನ ದಿನ, ಮರಿಗಳ ಸಂಖ್ಯೆ, ತಳಿ ಹೋತವೆಷ್ಟು ಎಂಬುದನ್ನು ಬರೆದಿಡಿ. ನಿಮ್ಮ ಮೀನಿಗೆ ಬೆಲೆ ತರುವುದು ಆ ಬರಹವೇ.