ದ್ವೀಪಾಂತರದಲ್ಲಿ ಅಯ್ಯಾವೊಳೆಯ ವರ್ತಕ ಸಂಘ

ಕುಣಿಗಲು ತಾಲ್ಲೂಕಿನ ಹುತ್ರಿದುರ್ಗವು ಕೆಂಪೇಗೌಡರ ಮನೆತನದ ಕೋಟೆಗಳಲ್ಲೊಂದು. ಅದರ ಬುಡದಲ್ಲಿರುವ ಊರಿಗೆ ಸಂತೆಪೇಟೆಯೆಂದು ಹೆಸರು. ಮೇಲೆ ಕೋಟೆ, ಕೆಳಗೆ ಪೇಟೆ. ಇಂತಹ ಸ್ಥಳಗಳನ್ನು ನೋಡಿದಾಗ, ದೊರೆಯ ಕಾವಲಿದ್ದಲ್ಲಿಯೇ ವ್ಯಾಪಾರವು ಬೆಳೆಯುವುದೆಂಬ ಭಾವನೆ ಸಹಜವಾಗಿ ಹುಟ್ಟುತ್ತದೆ. ಆದರೆ ಯಾವ ಕನ್ನಡ ದೊರೆಯ ಕಾವಲೂ ಇಲ್ಲದ ದ್ವೀಪಗಳಲ್ಲಿ, ಕನ್ನಡನಾಡಿನ ಹೆಸರು ಹೊತ್ತ ಒಂದು ವರ್ತಕ ಸಂಘವು ನೆಲೆ ನಿಂತಿತ್ತು. ಅದಕ್ಕೆ ಆಧಾರವಾದುದು ಯಾವುದು?

ಆ ಸಂಘವೇ ಅಯ್ಯಾವೊಳೆಯ ಐನೂರ್ವರದು. ಅಯ್ಯಾವೊಳೆಯೆಂದರೆ ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆ. ಶಾಸನಗಳು ಇವರನ್ನು ವೀರಬಣಂಜು ಧರ್ಮದ ಪ್ರತಿಪಾಲಕರೆಂದು ಹೊಗಳುತ್ತವೆ. ಶಿಕಾರಿಪುರ ಸೀಮೆಯ 11ನೆಯ ಶತಮಾನದ ಒಂದು ಶಾಸನವು, ಇವರು ನೆಲದ ಹಾದಿಯಲ್ಲಿಯೂ ಜಲಮಾರ್ಗದಲ್ಲಿಯೂ ದೇಶದೇಶಗಳನ್ನು ಸಂಚರಿಸುತ್ತಿದ್ದರೆಂದು ವರ್ಣಿಸಿ, ಆನೆ, ಕುದುರೆ, ಮುತ್ತು, ರತ್ನ, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿಗಳೇ ಮೊದಲಾದ ಸರಕುಗಳನ್ನು ಹೆಸರಿಸುತ್ತದೆ.

ಇವರ ಸಂಚಾರವು ಸಮುದ್ರವನ್ನೂ ದಾಟಿತು. ಸಿಂಹಳ ದ್ವೀಪದ ಪೊಲೊನ್ನರುವ, ಪದವಿಯ ಮುಂತಾದೆಡೆಗಳಲ್ಲಿ ವರ್ತಕ ಸಂಘಗಳಿಗೆ ಸಂಬಂಧಿಸಿದ ಶಾಸನಗಳು ದೊರೆತಿವೆ. ಕರ್ಪೂರಕ್ಕೆ ಹೆಸರಾದ ಸುಮಾತ್ರದ ಬಾರೂಸ್ ರೇವಿನ ಬಳಿ, ಲೋಬು ತುವಾ ಎಂಬಲ್ಲಿ, 1088ರ ಶಾಸನವಿದೆ. ಇದರ ಭಾಷೆ ತಮಿಳು. ಇದರಲ್ಲಿ ಆಶ್ಚರ್ಯವೇನಿಲ್ಲ, ಹೆಸರು ಕನ್ನಡನಾಡಿನದಾದರೂ, ತಮಿಳು ತೆಲುಗು ವರ್ತಕರೂ ಸೇರಿದ್ದುದರಿಂದಲೇ ಅದು ‘ನಾನಾದೇಶಿ’ ಎನಿಸಿಕೊಂಡಿತ್ತು.

ಆ ಶಾಸನದ ವಿಷಯವು ಗಮನಾರ್ಹವಾದುದು. ವಿದ್ವಾಂಸರು ಅದನ್ನು ಓದಿರುವಂತೆ, ಹಡಗಿನ ನಾಯಕನೂ ಅವನ ಸಂಗಡಿಗರೂ ಕಸ್ತೂರಿಯ ಬೆಲೆಗನುಸಾರವಾಗಿ ಚಿನ್ನದಲ್ಲಿ ಆಯವನ್ನು ಸಲ್ಲಿಸಿದ ಮೇಲೆಯೇ ಒಳಕ್ಕೆ ಕಾಲಿಡತಕ್ಕದ್ದು. ಇಲ್ಲಿ ಆಯವನ್ನು ಗೊತ್ತುಮಾಡಿದವರು ವರ್ತಕರೇ. ನಮ್ಮ ನಾಡಿನ ಶಾಸನಗಳಲ್ಲಿಯೂ ಹೇರಿಗೆ ಇಷ್ಟು, ಮೂಟೆಗೆ ಇಷ್ಟು ಎಂದು ಇವರು ತಾವಾಗಿಯೇ ಒಪ್ಪಿ ದೇವಾಲಯಗಳಿಗೆ ಬಿಟ್ಟ ದತ್ತಿಗಳು ಹೇರಳವಾಗಿವೆ. ಕೆರೆಗಳಿಗೂ ಸತ್ರಗಳಿಗೂ ಇವರ ನೆರವು ಸಲ್ಲುತ್ತಿತ್ತು. ಹಾದಿಯಲ್ಲಿ ಕಳ್ಳರ ಭಯವಿದ್ದುದರಿಂದ ಆಯುಧ ಹಿಡಿದ ಕಾವಲುಗಾರರೂ ಜೊತೆಯಲ್ಲಿರುತ್ತಿದ್ದರು.

ಈ ಏರ್ಪಾಡಿನ ಬುಡದಲ್ಲಿ ‘ಸಮಯ’ವೆಂಬ ಮಾತಿದೆ. ಅದಕ್ಕೆ ಒಪ್ಪಂದವೆಂದೂ, ಆ ಒಪ್ಪಂದಕ್ಕೆ ಬದ್ಧವಾದ ಸಮೂಹವೆಂದೂ ಅರ್ಥವುಂಟು. ಗುರುತಿಲ್ಲದ ರೇವಿಗೆ ಬಂದಿಳಿದವನಿಗೆ ಹಣಕ್ಕಿಂತ ಮೊದಲು ಬೇಕಾದುದು ನಂಬಿಕೆ. ಸಂಘದ ಹೆಸರು ಹೇಳಿದರೆ ಆ ನಂಬಿಕೆ ದೊರೆಯುತ್ತಿತ್ತು. ಅದನ್ನು ಉಳಿಸಿಕೊಳ್ಳಲು ಪ್ರತಿಯೊಬ್ಬನೂ ತನ್ನ ಲಾಭದ ಒಂದು ಪಾಲನ್ನು ತೆರಬೇಕಾಗಿತ್ತು.

14ನೆಯ ಶತಮಾನದ ಬಳಿಕ ಐನೂರ್ವರ ಹೆಸರು ಶಾಸನಗಳಲ್ಲಿ ವಿರಳವಾಗುತ್ತ ಹೋಗುತ್ತದೆ. ‘ಬಣಜಿಗ’ ಎಂಬ ಮಾತಿನಲ್ಲಿ ಮಾತ್ರ ಆ ಹಳೆಯ ಬಣಂಜಿನ ನೆನಪು ಉಳಿದಿದೆ.

ಈಗ ಹುತ್ರಿದುರ್ಗಕ್ಕೆ ಸರಕಿನ ಹೇರುಗಳಿಗೆ ಬದಲಾಗಿ ಬೆಟ್ಟವೇರುವ ಪ್ರವಾಸಿಗರು ಬರುತ್ತಾರೆ. ಅವರಿಗೆ ಕುಡಿಯುವ ನೀರು, ಹಾದಿಯ ಗುರುತು, ಶಿಥಿಲವಾದ ಕೋಟೆಬಾಗಿಲುಗಳ ರಕ್ಷಣೆ, ಬಿಸುಟ ಕಸದ ವಿಲೇವಾರಿ, ಇವೆಲ್ಲ ಯಾರ ಹೊಣೆ? ಸರ್ಕಾರದ್ದೆಂದು ಹೇಳಿ ಸುಮ್ಮನಾಗುವುದು ಸುಲಭ. ಐನೂರ್ವರಾದರೋ, ಹಾದಿಯಿಂದ ಲಾಭ ಪಡೆಯುವವರೇ ಹಾದಿಯ ಖರ್ಚಿನಲ್ಲಿಯೂ ಪಾಲುಗೊಳ್ಳಬೇಕೆಂದು ಬಗೆದವರು. ಬೆಟ್ಟದ ಬುಡದಲ್ಲಿ ವ್ಯಾಪಾರ ಮಾಡುವವರೂ, ಪ್ರವಾಸಿಗರನ್ನು ಕರೆತರುವವರೂ ಒಂದೆಡೆ ಕುಳಿತು, ತಲೆಗೆ ಇಷ್ಟೆಂದು ಒಂದು ಸಣ್ಣ ಆಯವನ್ನು ಒಪ್ಪಿಕೊಳ್ಳುವುದಾದರೆ, ಆ ಹಳೆಯ ಸಮಯವು ನಮ್ಮ ಕಾಲಕ್ಕೂ ಒದಗೀತು.