ಶಿವನ ಗುಡಿ ಯಾರದ್ದು? ಥಾಯ್ಲೆಂಡ್–ಕಾಂಬೋಡಿಯಾ ಗಡಿ ಜಗಳದ ಒಳಗುಟ್ಟು ಇಲ್ಲಿದೆ

2025ರ ಜುಲೈ 24ರಿಂದ ಐದು ದಿನ ಥಾಯ್ಲೆಂಡ್ ಮತ್ತು ಕಾಂಬೋಡಿಯಾ ಗಡಿಯಲ್ಲಿ ರಾಕೆಟ್, ಫಿರಂಗಿ, ಯುದ್ಧವಿಮಾನ ಎಲ್ಲಾ ಬಳಕೆಯಾದವು. 40ಕ್ಕೂ ಹೆಚ್ಚು ಜನ ಸತ್ತರು. ಸುಮಾರು 3 ಲಕ್ಷ ಜನ ಮನೆ ಬಿಟ್ಟರು. ಡಿಸೆಂಬರ್‌ನಲ್ಲಿ ಮತ್ತೆ ಜಗಳ ಹೊತ್ತಿಕೊಂಡಿತು. ಇಷ್ಟಕ್ಕೆಲ್ಲಾ ನಡುವೆ ಇರೋದು ಗಡಿಗುಡ್ಡದ ಮೇಲಿನ ಹಳೇ ಶಿವನ ಗುಡಿಗಳು.

ಇವುಗಳಲ್ಲಿ ದೊಡ್ಡದು ಪ್ರೇಹ್ ವಿಹಾರ್. ಖ್ಮೇರ್ ರಾಜರು 11–12ನೇ ಶತಮಾನದಲ್ಲಿ ಕಟ್ಟಿಸಿದ್ದು. ಇರೋದು ಡಾಂಗ್ರೆಕ್ ಬೆಟ್ಟದ ತುದಿಯಲ್ಲಿ. ಗುಡಿ ಕಾಂಬೋಡಿಯಾದ್ದು, ಆದ್ರೆ ಮೆಟ್ಟಿಲು ಇಳಿಯೋದು ಥಾಯ್ಲೆಂಡ್ ಕಡೆಗೆ.

ನಕ್ಷೆಯಿಂದ ಶುರುವಾದ ತಕರಾರು

ಆಗ ಕಾಂಬೋಡಿಯಾ ಫ್ರೆಂಚರ ಕೈಲಿತ್ತು. 1904ರ ಒಪ್ಪಂದದಲ್ಲಿ, ಬೆಟ್ಟದ ನೀರು ಎರಡು ಕಡೆ ಹರಿಯುವ ಏಣೇ ಗಡಿ ಅಂತ ಬರೆದಿದ್ರು. ಆದ್ರೆ 1907ರಲ್ಲಿ ಫ್ರೆಂಚ್ ಅಧಿಕಾರಿಗಳು ಮಾಡಿದ ನಕ್ಷೆಯಲ್ಲಿ ಗುಡಿ ಕಾಂಬೋಡಿಯಾ ಕಡೆ ಬಂತು. ಥಾಯ್ಲೆಂಡ್ ದಶಕಗಟ್ಟಲೆ ತಕರಾರು ಎತ್ತಲಿಲ್ಲ.

ಪಕ್ಕದ ಹೊಲದವನು ಸರ್ವೆ ಮಾಡಿಸಿ ಕಲ್ಲು ನೆಟ್ಟಾಗ ಸುಮ್ಮನಿದ್ದು, ಮೊಮ್ಮಕ್ಕಳ ಕಾಲಕ್ಕೆ ಅರ್ಜಿ ಹಾಕಿದ ಹಾಗೆ ಇದು. 1962ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಇದನ್ನೇ ಹಿಡಿದು, 9–3 ಮತಗಳಿಂದ ಗುಡಿ ಕಾಂಬೋಡಿಯಾದ್ದು ಅಂತ ತೀರ್ಪು ಕೊಟ್ಟಿತು. ಸುತ್ತಲಿನ ಜಾಗದ ಪ್ರಶ್ನೆ ಮಾತ್ರ ಹಾಗೇ ಉಳೀತು.

2008ರಲ್ಲಿ ಯುನೆಸ್ಕೊ ಪಟ್ಟಿಗೆ ಗುಡಿ ಸೇರಿದಾಗ ಥಾಯ್ಲೆಂಡ್‌ನಲ್ಲಿ ರಾಜಕೀಯ ಬಿಸಿಯಾಯ್ತು. 2011ರ ಗುಂಡಿನ ಕಾಳಗದಲ್ಲಿ ಗುಡಿಗೂ ಪೆಟ್ಟು ಬಿತ್ತು. 2013ರಲ್ಲಿ ಗುಡಿ ನಿಂತ ಬೆಟ್ಟದ ಚಾಚೂ ಕಾಂಬೋಡಿಯಾಕ್ಕೇ ಸೇರಿದ್ದು ಅಂತ ನ್ಯಾಯಾಲಯ ಹೇಳಿತು. ತಾ ಮುಯೆನ್ ಥಾಮ್ ಥರದ ಬೇರೆ ಗುಡಿಗಳ ವಿಚಾರ ಇನ್ನೂ ಬಗೆಹರಿದಿಲ್ಲ. ಕಾಂಬೋಡಿಯಾ ಮತ್ತೆ ನ್ಯಾಯಾಲಯಕ್ಕೆ ಹೋಗೋಣ ಅನ್ನುತ್ತೆ, ಥಾಯ್ಲೆಂಡ್ ನಾವಿಬ್ಬರೇ ಕೂತು ಮಾತಾಡೋಣ ಅನ್ನುತ್ತೆ.

ಇದು ಧರ್ಮದ ಜಗಳವಾ?

ಅಲ್ಲ. ಎರಡೂ ದೇಶದಲ್ಲಿ ಬಹುಪಾಲು ಜನ ಥೇರವಾದ ಬೌದ್ಧರು. ಪ್ರಾಣ ತೆಗೆಯಬಾರದು ಅನ್ನೋದು ಇಬ್ಬರಿಗೂ ಮೊದಲ ಶೀಲ. ಹಿಂದೆ ಶಿವನಿಗೆ ಕಟ್ಟಿದ ಗುಡಿಗೆ ಈಗ ಇಬ್ಬರೂ ಕೈಮುಗೀತಾರೆ. ಆದ್ರೆ ಭಕ್ತಿಯ ಜಾಗದಲ್ಲಿ ದೇಶದ ಮಾನದ ಮಾತು ಬಂದು ಕೂತಾಗ, ಹಿಂದೆ ಸರಿಯೋ ನಾಯಕ ದ್ರೋಹಿ ಅನಿಸಿಕೊಳ್ತಾನೆ. ಹಾಗಾಗಿ ಯಾರೂ ಸರಿಯಲ್ಲ.

ಬೆಲೆ ಕಟ್ಟಿದವರು ಬೇರೆಯವರು. ಜುಲೈ 24ರಂದು ಥಾಯ್ಲೆಂಡ್‌ನ ಸಿಸಾಕೆಟ್ ಪ್ರಾಂತ್ಯದಲ್ಲಿ ಪೆಟ್ರೋಲ್ ಬಂಕ್ ಪಕ್ಕದ ಅಂಗಡಿಗೆ ರಾಕೆಟ್ ಬಡಿದು, ಅಲ್ಲಿದ್ದ ಸಾಮಾನ್ಯ ಜನ ಸತ್ತರು. ಗಡಿ ಬಂದ್ ಆಗಿ ವ್ಯಾಪಾರ ನಿಂತಿತು. ಥಾಯ್ಲೆಂಡ್‌ನಲ್ಲಿ ಕೂಲಿ ಮಾಡ್ತಿದ್ದ ಲಕ್ಷಾಂತರ ಕಾಂಬೋಡಿಯನ್ನರು ಗಂಟುಮೂಟೆ ಕಟ್ಟಿ ಊರಿಗೆ ಮರಳಿದರು.

ಹಾಗಾದ್ರೆ ಹೊಣೆ ಯಾರದ್ದು? ನಕ್ಷೆ ಬರೆದ ಫ್ರೆಂಚರು ಯಾವತ್ತೋ ಹೋದರು. ಗುಂಡು ಹಾರಿಸಿ ಅಂತ ಆದೇಶ ಕೊಟ್ಟವರು, ಜನರನ್ನ ಕೆರಳಿಸಿದವರು ಇವತ್ತಿನವರು. ಹಳೇ ತಪ್ಪಿನ ನೆಪ ಹೇಳಿ ಅವರು ಜಾರಿಕೊಳ್ಳೋಕಾಗಲ್ಲ. ಈ ಗುಡಿ ಆ ಭಾಗದ ಜನರಿಗೆಲ್ಲ ಧಾರ್ಮಿಕವಾಗಿ ಮುಖ್ಯವಾದದ್ದು, ಇದನ್ನ ಉಳಿಸೋಕೆ ಎರಡೂ ದೇಶ ಸಹಕರಿಸಬೇಕು ಅಂತ 2013ರ ತೀರ್ಪಿನಲ್ಲೇ ಇದೆ. ಗೆದ್ದವರಿಗೂ ಸೋತವರಿಗೂ ನ್ಯಾಯಾಲಯ ಹೇಳಿದ ಮಾತು ಅದು.