ವರ್ಣತಂತುವಿನ ತುಂಡು ಹೆಚ್ಚಿದ್ದರೂ ತೊಂದರೆಯೇ?

ಪ್ರಶ್ನೆ: ವರ್ಣತಂತುವಿನ ತುಂಡು ಕಳೆದುಹೋದರೆ ಕಾಯಿಲೆ, ಸರಿ. ಹೆಚ್ಚಿಗೆ ಇದ್ದರೂ ಯಾಕೆ? (ಓದುಗರೊಬ್ಬರು, ನೋಯ್ಡಾ)

ಉತ್ತರ: ಜೀನ್‌ನ ಪ್ರತಿ ಹೆಚ್ಚಾದರೆ ಅದು ತಯಾರಿಸುವ ಪ್ರೋಟೀನೂ ಹೆಚ್ಚುತ್ತದೆ, ಸಾರಿಗೆ ಎರಡು ಸಲ ಉಪ್ಪು ಬಿದ್ದ ಹಾಗೆ. 17ನೇ ವರ್ಣತಂತುವಿನ ಒಂದು ಪುಟ್ಟ ಭಾಗ ಇಮ್ಮಡಿಯಾದರೆ ನರಗಳ ಹೊದಿಕೆ ಕೆಡುತ್ತದೆ. ಪಾದ ಎತ್ತಿಡಲಾಗದೆ ರೋಗಿ ಹೊಸ್ತಿಲಿಗೂ ಎಡವುತ್ತಾನೆ. ಶಾರ್ಕೋ-ಮೇರಿ-ಟೂತ್ ಎಂಬ ಈ ಕಾಯಿಲೆಗೆ ಇದೂ ಒಂದು ಕಾರಣವೆಂದು ಗೊತ್ತಾದದ್ದು 1991ರಲ್ಲಿ. 15ನೆಯದು ಇನ್ನೂ ವಿಚಿತ್ರ: ಹೆಚ್ಚುವರಿ ತುಂಡು ತಾಯಿಯಿಂದ ಬಂದಿದ್ದರೆ ಸ್ನಾಯು ಸಡಿಲ, ಮೂರ್ಛೆ, ಆಟಿಸಂ ಕಾಣಬಹುದು, ತಂದೆಯಿಂದಾದರೆ ಸಾಮಾನ್ಯವಾಗಿ ಸೌಮ್ಯ. 22ನೆಯದರಲ್ಲಂತೂ ಮಗುವಿನ ವರದಿ ಬಂದಮೇಲೆ, ಆರೋಗ್ಯವಾಗಿರುವ ಅಪ್ಪನಲ್ಲೋ ಅಮ್ಮನಲ್ಲೋ ಅದೇ ತುಂಡು ಸಿಗುವುದುಂಟು! ಸಣ್ಣ ತುಂಡುಗಳು ಮಾಮೂಲಿ ಕ್ಯಾರಿಯೋಟೈಪ್ ಪರೀಕ್ಷೆಯಲ್ಲಿ ಕಾಣವು, ಮೈಕ್ರೊಅರೇ ಪರೀಕ್ಷೆ ಬೇಕು. ನಿಮ್ಮ ಸೆಕ್ಟರ್ 30ರ ಸರ್ಕಾರಿ ಮಕ್ಕಳ ಆಸ್ಪತ್ರೆಯಲ್ಲೇ ತಳಿವೈದ್ಯ ವಿಭಾಗವಿದೆ.